ಒಂದು ವಿಮಾನ ಹೆಚ್ಚಿಗೆ ಇದ್ದಿದ್ದರೆ?

ನಲ್ಮೆಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ವಯಸ್ಸಾದ ತಾಯಿಯ ಜೊತೆ 14 ಗಂಟೆಯ ಪಯಣಕ್ಕೆ ಹೊರಟಿದ್ದಿರಿ. ಮೂರು ಗಂಟೆ ವಿಮಾನದೊಳಗೇ ಕೂರಿಸಿ, ಆಮೇಲೆ ಇಳಿಸಿ, ಕೊನೆಗೆ 19 ಗಂಟೆ ತಡವಾಗಿ ಕರೆದೊಯ್ದರು. ಅಷ್ಟರಲ್ಲಿ ಅಮ್ಮನ ಕಾಲು ಊದಿಕೊಂಡಿತ್ತು. ಕೇಳಿದಾಗಲೆಲ್ಲ ‘ತಾಂತ್ರಿಕ ಕಾರಣ’ ಅಂದರು, ಅಷ್ಟೇ. “ರಿಪೇರಿ ನಾಲ್ಕು ಗಂಟೆಯಲ್ಲಿ ಮುಗಿಯಿತಂತೆ. ಉಳಿದ 15 ಗಂಟೆ ಎಲ್ಲಿ ಹೋಯಿತು? ಇಷ್ಟು ದೊಡ್ಡ ಕಂಪನಿಗೆ ಒಂದು ವಿಮಾನ ಹೆಚ್ಚಿಗೆ ಇಟ್ಟುಕೊಳ್ಳೋಕೆ ಆಗಲ್ವಾ?” ಎಂದು ಕೇಳಿದ್ದೀರಿ.

ಮೊದಲು ಆ 15 ಗಂಟೆಯ ವಿಷಯ. ಸಾಮಾನ್ಯವಾಗಿ ಆಗುವುದು ಹೀಗೆ. ಪೈಲಟ್‌ಗಳ ಡ್ಯೂಟಿ ಲೆಕ್ಕ ಶುರುವಾಗುವುದು ವಿಮಾನ ಮೇಲೇರಿದಾಗ ಅಲ್ಲ, ಅವರು ಕೆಲಸಕ್ಕೆ ಹಾಜರಾದಾಗ. ನೀವು ಸೀಟಿನಲ್ಲಿ ಕಾದ ಮೂರು ಗಂಟೆಯೂ ಅದರಲ್ಲೇ ಸೇರುತ್ತದೆ. ಅದರ ಮೇಲೆ 14 ಗಂಟೆ ಹಾರಾಟ ಅಂದರೆ ಮಿತಿ ದಾಟಿಬಿಡುತ್ತದೆ. ಬೇರೆ ತಂಡ ಸಿಗದಿದ್ದರೆ ಇದೇ ತಂಡ ಹೋಗಿ ಮಲಗಿ ಎದ್ದು ಬರಬೇಕು. ಈ ನಿಯಮ ನಮ್ಮ ಜೀವ ಕಾಯುವಂಥದ್ದು. ಇದನ್ನು ನಾನು ಬೈಯಲಾರೆ.

ಇನ್ನು ಹೆಚ್ಚುವರಿ ವಿಮಾನ. ಹೋಗಲು 14, ಬರಲು 14, ನಡುವೆ ಎರಡು ಮೂರು ಗಂಟೆ. ಒಂದು ಸುತ್ತಿಗೇ 30 ಗಂಟೆ ದಾಟಿತು. ಹಾಗಾಗಿ ದಿನಕ್ಕೊಂದು ಹಾರಾಟ ನಡೆಸಲು ಎರಡು ವಿಮಾನ ಬೇಕು. ಎರಡು ಸುತ್ತುಗಳ ನಡುವೆ ಬಿಡುವು ಸಿಕ್ಕರೆ ಕಂಪನಿ ಅಲ್ಲಿ ಇನ್ನೊಂದು ಚಿಕ್ಕ ಪ್ರಯಾಣ ತುರುಕುತ್ತದೆ. ಒಂದು ಕೆಟ್ಟರೆ ಆಚೆ ತುದಿಯಲ್ಲಿ ಕಾಯುವವರಿಗೂ ವಿಮಾನ ಇಲ್ಲ. ಪಕ್ಕದಲ್ಲಿ ನಿಂತ ಸಣ್ಣ ವಿಮಾನ ಅಷ್ಟು ದೂರ ಹೋಗುವುದಿಲ್ಲ. ಬೇರೆ ಮಾದರಿಯದಾದರೆ ಈ ಪೈಲಟ್‌ಗಳಿಗೆ ಅದನ್ನು ಹಾರಿಸುವ ಪರವಾನಗಿ ಇರುವುದಿಲ್ಲ.

ಹೊಸದು ಕೊಳ್ಳೋಣ ಅಂದರೂ ಸುಲಭ ಇಲ್ಲ. ಬಹುದೂರ ಹಾರುವ ದೊಡ್ಡ ವಿಮಾನ ಬೋಯಿಂಗ್ 777ಎಕ್ಸ್ 2020ರಲ್ಲೇ ವಿಮಾನಯಾನ ಕಂಪನಿಗಳ ಕೈ ಸೇರಬೇಕಿತ್ತು. ವರ್ಷಗಳು ಉರುಳಿದವು, ದಿನಾಂಕ ಮುಂದಕ್ಕೆ ಹೋಗುತ್ತಲೇ ಇತ್ತು. ರೋಲ್ಸ್‌ರಾಯ್ಸ್‌ನ ಟ್ರೆಂಟ್ 1000 ಎಂಜಿನ್‌ಗಳ ಬ್ಲೇಡುಗಳು ಎಣಿಸಿದ್ದಕ್ಕಿಂತ ಬೇಗ ಸವೆದು, ಅವನ್ನು ಬಳಸುವ ಬೋಯಿಂಗ್ 787 ವಿಮಾನಗಳು ಹಲವು ದೇಶಗಳಲ್ಲಿ ಎಂಜಿನ್ ಇಲ್ಲದೆ ನಿಂತವು.

ಇಷ್ಟೆಲ್ಲ ಒಪ್ಪಿದರೂ ನನ್ನ ಸಿಟ್ಟು ಇಳಿಯುವುದಿಲ್ಲ. ಸ್ಪೇರ್ ವಿಮಾನ ಸುಮ್ನೆ ನಿಂತರೆ ನಷ್ಟ ಅಂತ ಕಂಪನಿ ಲೆಕ್ಕ ಹಾಕಿದ್ದು ಟಿಕೆಟ್ ಮಾರುವ ಮೊದಲೇ. ಉಳಿಸಿದ ದುಡ್ಡು ಅವರದು, ಊದಿದ ಕಾಲು ಮಾತ್ರ ನಿಮ್ಮ ತಾಯಿಯದು. ಇದು ಅನ್ಯಾಯ. ಯಂತ್ರ ಕೆಡುವುದು ಈ ಉದ್ಯಮದಲ್ಲಿ ಮಾಮೂಲಿ, ಅದನ್ನು ‘ಅಸಾಧಾರಣ ಸಂದರ್ಭ’ ಎಂದು ಸುಲಭವಾಗಿ ಜಾರಿಕೊಳ್ಳುವಂತಿಲ್ಲ ಎಂದು ಯುರೋಪಿನ ನ್ಯಾಯಾಲಯ 2008ರಲ್ಲೇ ಹೇಳಿದೆ. ವಿಮಾನ ಪ್ರಯಾಣಿಕರ ಹಕ್ಕು ಕಾಯುವ ಅಲ್ಲಿನ ನಿಯಮ 261ರ ಅಡಿ ದೂರದ ಹಾರಾಟಕ್ಕೆ 600 ಯೂರೋವರೆಗೆ ಪರಿಹಾರವೂ ಸಿಗುತ್ತದೆ. ಎಲ್ಲ ಕಡೆಯೂ ಹೀಗೇ ಇರಬೇಕು ಅಂತ ನನ್ನ ಖಚಿತ ಅಭಿಪ್ರಾಯ.

ನೀವು ಒಂದು ಕೆಲಸ ಮಾಡಿ. ಬೋರ್ಡಿಂಗ್ ಪಾಸ್, ಊಟ ಮತ್ತು ಔಷಧಿಯ ರಸೀದಿ ಎಲ್ಲ ಎತ್ತಿಡಿ. ತಡಕ್ಕೆ ಕಾರಣ ಏನೆಂದು ಲಿಖಿತವಾಗಿ ಕೇಳಿ. ಅಂತರರಾಷ್ಟ್ರೀಯ ವಿಮಾನಯಾನದ ಹೊಣೆಗಾರಿಕೆ ಕುರಿತ 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವಿನ ಪ್ರಯಾಣವಾದರೆ ತಡದಿಂದ ಆದ ನಷ್ಟವನ್ನು ಕೇಳಬಹುದು. ದಾವೆ ಹೂಡಲು ಎರಡು ವರ್ಷ ಸಮಯ ಇದೆ.

ಅಮ್ಮನ ಕಾಲಿನ ಊತ ಇಳಿಯಿತೇ? ಬರೆದು ತಿಳಿಸಿ.

– ಸಂಪಾದಕ