ಭಾಷೆ ಕಲಿಕೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಎಂಟು ತಿಂಗಳಿಂದ ಜರ್ಮನ್ ಕಲಿಯುತ್ತಿದ್ದೇನೆ. ಆ್ಯಪ್‌ನಲ್ಲಿ ಸಾವಿರಕ್ಕೂ ಹೆಚ್ಚು ಪದ ಮುಗಿಸಿದ್ದೇನೆ. ಓದಿದರೆ ಅರ್ಥವಾಗುತ್ತದೆ, ಮಾತಾಡಹೋದರೆ ಒಂದೂ ಬಾಯಿಗೆ ಬರುವುದಿಲ್ಲ. ಯಾಕೆ?

ಉತ್ತರ: ಕಣ್ಣೆದುರಿನ ಪದವನ್ನು ಗುರುತಿಸುವುದು ಬೇರೆ, ಬೇಕೆಂದಾಗ ಅದನ್ನು ನೆನಪಿನಿಂದ ಹೆಕ್ಕುವುದು ಬೇರೆ. ನಾಲ್ಕರಲ್ಲಿ ಸರಿಯುತ್ತರ ಒತ್ತುತ್ತ ಹೋದರೆ ಬೆಳೆಯುವುದು ಮೊದಲನೆಯದು ಮಾತ್ರ.

ಪದಕ್ಕೊಂದು ಕಾರ್ಡ್ ಮಾಡಿಕೊಳ್ಳಿ. ಮುಂದೆ ಕನ್ನಡ ಇರಲಿ, ಹಿಂದೆ ಜರ್ಮನ್. ಮೇಜಿನ ಕಾರ್ಡಿನ ಹಿಂದೆ ಬರೀ 'ಟಿಶ್' ಸಾಲದು, ಪುಲ್ಲಿಂಗ ತೋರಿಸುವ 'ಡೇರ್' ಸೇರಿಸಿ 'ಡೇರ್ ಟಿಶ್' ಎಂದೇ ಬರೆಯಿರಿ. ಜರ್ಮನ್ನಿನಲ್ಲಿ ಮೇಜು ಪುಲ್ಲಿಂಗ, ಬಾಗಿಲು ಸ್ತ್ರೀಲಿಂಗ, ಪುಸ್ತಕ ನಪುಂಸಕ. ನಮಗೆ ಮೂರೂ 'ಅದು'. ಹಾಗಾಗಿ ಅರ್ಥ ನೋಡಿ ಲಿಂಗ ಊಹಿಸುವುದು ಆಗದ ಮಾತು. ಕಾರ್ಡ್ ತಿರುಗಿಸುವ ಮೊದಲು ಗಟ್ಟಿಯಾಗಿ ಹೇಳಲೇಬೇಕು. ಮನಸ್ಸಿನಲ್ಲೇ 'ಗೊತ್ತು' ಅಂದುಕೊಂಡದ್ದು ಲೆಕ್ಕಕ್ಕಿಲ್ಲ.

ಪುನರಾವರ್ತನೆಗೆ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಪೆಟ್ಟಿಗೆಯೇ ಸಾಕು. ಐದು ಖಾನೆ ಮಾಡಿ. ಮೊದಲನೆಯದನ್ನು ದಿನವೂ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮುಂದಿನವನ್ನು ವಾರ, ಹದಿನೈದು ದಿನ, ತಿಂಗಳಿಗೊಮ್ಮೆ ನೋಡಿ. ಸರಿ ಹೇಳಿದ ಕಾರ್ಡ್ ಒಂದು ಖಾನೆ ಮುಂದಕ್ಕೆ ಹೋಗುತ್ತದೆ. ತಪ್ಪಿದ್ದು ಎಲ್ಲಿದ್ದರೂ ಮೊದಲ ಖಾನೆಗೆ ವಾಪಸ್. ದಿನಕ್ಕೆ ಹೊಸ ಪದ ಹತ್ತು ಸಾಕು. ಹುರುಪಿನಲ್ಲಿ ನಲವತ್ತು ಸೇರಿಸಿದವರಿಗೆ ಕೆಲವೇ ವಾರಗಳಲ್ಲಿ ಹಳೆಯ ಕಾರ್ಡುಗಳ ರಾಶಿ ಬಿದ್ದು, ಪೆಟ್ಟಿಗೆಯೇ ಮೂಲೆ ಸೇರುತ್ತದೆ.

ಇಷ್ಟಾದರೂ ಮಾತು ಸರಾಗವಾಗದು, ಅದಕ್ಕೆ ಬೇರೆಯೇ ಕಸರತ್ತು ಬೇಕು. ಒಂದೇ ವಿಷಯವನ್ನು ಮೊದಲು ನಾಲ್ಕು ನಿಮಿಷ, ಆಮೇಲೆ ಮೂರು, ಕೊನೆಗೆ ಎರಡು ನಿಮಿಷದಲ್ಲಿ ಹೇಳಿ. ಪ್ರತಿಸಲ ಹೊಸ ಕೇಳುಗರಿದ್ದರೆ ಒಳ್ಳೆಯದು, ಇಲ್ಲವೇ ಫೋನಿನಲ್ಲಿ ರೆಕಾರ್ಡ್ ಮಾಡಿ. ವಿಷಯ ನಿಮಗೆ ಪೂರ್ತಿ ಗೊತ್ತಿರುವುದೇ ಆಗಲಿ. ಹೊಸದಾದರೆ ಸಮಯವೆಲ್ಲ ಪದ ಹುಡುಕುವುದರಲ್ಲೇ ಹೋಗುತ್ತದೆ. ಮೊದಲ ಸುತ್ತಿನ ನಂತರ ಅನುಮಾನವಿದ್ದ ಒಂದೆರಡು ವಾಕ್ಯ ಸರಿಪಡಿಸಿಕೊಳ್ಳಿ, ಇಲ್ಲವಾದರೆ ಉಳಿದೆರಡು ಸುತ್ತಿನಲ್ಲಿ ತಪ್ಪೇ ಗಟ್ಟಿಯಾಗುತ್ತದೆ.

ಪ್ರಶ್ನೆ: ಓದಲು ಎಷ್ಟು ಕಷ್ಟದ ಪುಸ್ತಕ ಆರಿಸಲಿ?

ಉತ್ತರ: ನೂರು ಪದಗಳ ಒಂದು ತುಣುಕು ಓದಿ, ಗೊತ್ತಿಲ್ಲದ ಪದಗಳನ್ನು ಎಣಿಸಿ. ಎರಡಿದ್ದರೆ ನಿಘಂಟಿಲ್ಲದೆ ಓದಬಹುದು. ಐದು ದಾಟಿದರೆ ಅದು ಓದಲ್ಲ, ಬಿಡಿಸುವ ಕೆಲಸ, ಸದ್ಯಕ್ಕೆ ಪಕ್ಕಕ್ಕಿಡಿ.

ಪ್ರಶ್ನೆ: ಇಂಗ್ಲಿಷ್ ಕಲಿಸುತ್ತೇನೆ. ಮಕ್ಕಳ ಪ್ರತಿ ತಪ್ಪನ್ನೂ ಅಲ್ಲಲ್ಲೇ ತಿದ್ದುತ್ತೇನೆ, ಮರುದಿನ ಮತ್ತದೇ ತಪ್ಪು.

ಉತ್ತರ: ಹೇಗೆ ತಿದ್ದುತ್ತೀರಿ ಎನ್ನುವುದೇ ಮುಖ್ಯ. ಮಗು 'ಯೆಸ್ಟರ್‌ಡೇ ಐ ಗೋ ಟು ಲೈಬ್ರರಿ' ಅನ್ನುತ್ತದೆ. ನೀವು 'ಓ, ಯೂ ವೆಂಟ್ ಟು ದ ಲೈಬ್ರರಿ!' ಅನ್ನುತ್ತೀರಿ. ಮಗು 'ಯೆಸ್' ಅಂದು ಮುಂದಕ್ಕೆ ಹೋಗುತ್ತದೆ. ನೀವು ತಿದ್ದಿದಿರಿ, ಅದು ನೀವು ಒಪ್ಪಿದಿರಿ ಅಂದುಕೊಂಡಿತು. 1997ರಲ್ಲಿ ಸಂಶೋಧಕರಾದ ಲೈಸ್ಟರ್ ಮತ್ತು ರಾಂಟಾ ಕೆನಡಾದ ಫ್ರೆಂಚ್ ತರಗತಿಗಳಲ್ಲಿ ಕಂಡದ್ದೂ ಇದೇ: ಶಿಕ್ಷಕರು ಅತಿ ಹೆಚ್ಚು ಬಳಸಿದ್ದು ಈ ಬಗೆಯ ತಿದ್ದುಪಡಿ, ಮಕ್ಕಳು ಅತಿ ಕಡಿಮೆ ಸ್ಪಂದಿಸಿದ್ದೂ ಇದಕ್ಕೇ.

ಬದಲಿಗೆ 'ಯೆಸ್ಟರ್‌ಡೇ ಐ...?' ಎಂದು ಅರ್ಧಕ್ಕೆ ನಿಲ್ಲಿಸಿ, ಕಾಯಿರಿ. ನಿಯಮ ಮೊದಲೇ ಕಲಿಸಿದ್ದರೆ ಮಗು ತಾನೇ ಸರಿಮಾಡಿಕೊಳ್ಳುತ್ತದೆ. ಕಲಿಸಿಲ್ಲವೇ? ಕಾದು ಸತಾಯಿಸಬೇಡಿ, ಸರಿರೂಪ ಹೇಳಿಬಿಡಿ. ಮಕ್ಕಳು ಮುಕ್ತವಾಗಿ ಮಾತಾಡುವಾಗ ನಡುವೆ ಬಾಯಿ ಹಾಕದೆ ಗುರುತು ಮಾಡಿಕೊಂಡು, ಕೊನೆಗೆ ಮೂರ್ನಾಲ್ಕು ವಾಕ್ಯಗಳನ್ನು ಹೆಸರು ಹೇಳದೆ ಬೋರ್ಡಿನ ಮೇಲೆ ಬರೆಯಿರಿ.

ಪ್ರಶ್ನೆ: ಫ್ರೆಂಚಿನಲ್ಲಿ ನಾನು 'ಬೀದಿ' ಪದ ಹೇಳಿದರೆ ಕೇಳುವವರಿಗೆ 'ಚಕ್ರ' ಅಂತ ಕೇಳಿಸುತ್ತದಂತೆ!

ಉತ್ತರ: ಎರಡನ್ನೂ ಕನ್ನಡದಲ್ಲಿ 'ರೂ' ಎಂದೇ ಬರೆದುಕೊಂಡಿರುತ್ತೀರಿ, ಎಡವಟ್ಟು ಅಲ್ಲೇ ಶುರು. ಚಕ್ರದ್ದು ನಮ್ಮ 'ಊ'ಗೆ ಹತ್ತಿರ. ಬೀದಿಯದು ನಮ್ಮಲ್ಲಿಲ್ಲದ ಸ್ವರ. 'ಈ' ಎಂದು ಎಳೆಯಿರಿ, ನಾಲಿಗೆಯ ತುದಿ ಕೆಳಹಲ್ಲಿನ ಹಿಂಭಾಗಕ್ಕೆ ತಾಗಿರಲಿ. ನಾಲಿಗೆ ಅಲುಗಿಸದೆ ತುಟಿಗಳನ್ನು ಮಾತ್ರ ಸಿಳ್ಳೆ ಹಾಕುವಂತೆ ದುಂಡಗೆ ಮಾಡಿ. ತುಟಿಯ ಜೊತೆ ನಾಲಿಗೆಯೂ ಹಿಂದೆ ಸರಿದರೆ ಮತ್ತೆ 'ಊ'. ಆದರೆ ಬಾಯಿಗಿಂತ ಮೊದಲು ಕಿವಿ ಪಳಗಬೇಕು: ಎರಡೂ ಪದಗಳ ಧ್ವನಿಮುದ್ರಣವನ್ನು ಕಲಸುಮೇಲೋಗರ ಮಾಡಿ ಇಪ್ಪತ್ತು ಸಲ ಕೇಳಿ. ಹದಿನೆಂಟು ಸಲವಾದರೂ ಸರಿಯಾಗಿ ಗುರುತಿಸುವವರೆಗೆ ಉಚ್ಚಾರಣೆಯ ಗೋಜಿಗೆ ಹೋಗಬೇಡಿ.