ಪೆನ್ಸಿಲ್ ಕಂಡ್ರೆ ಅಳೋ ಮಗಳು

ಪ್ರಶ್ನೆ: ಮೇಡಂ, ನನ್ನ ಮಗಳಿಗೆ ನಾಲ್ಕೂವರೆ ವರ್ಷ. ಮಾತು, ಹಾಡು, ಕಥೆ ಎಲ್ಲದ್ರಲ್ಲೂ ಚುರುಕು, ಆದ್ರೆ ಬರೆಯೋಕೆ ಕೂರ್ಸಿದ್ರೆ ಸಾಕು ಅಳು ಶುರು, ಎರಡು ಸಾಲಿಗೆ ಒಂದು ಗಂಟೆ ಬೇಕು. 3 ಅನ್ನ ಉಲ್ಟಾ ಬರೀತಾಳೆ. ಮನೇಲಿ ಪ್ರ್ಯಾಕ್ಟೀಸ್ ಮಾಡ್ಸಿ ಅಂತ ಮಿಸ್ ಡೈರೀಲಿ ಬರೀತಾನೇ ಇರ್ತಾರೆ. ಕೋಪ ಬಂದು ಎರಡು ಸಲ ಹೊಡೆದೂಬಿಟ್ಟೆ, ಆಮೇಲೆ ನಾನೇ ಕೂತು ಅತ್ತೆ. ಏನ್ ಮಾಡ್ಲಿ?

ಉತ್ತರ: ಮೊದಲು ಹೊಡೆಯೋದು ನಿಲ್ಸಿಮ್ಮ. ನಿಮ್ಮ ಸಂಕಟ ಅರ್ಥ ಆಗುತ್ತೆ, ಆದ್ರೆ ಅವಳು ಹಟ ಮಾಡ್ತಿಲ್ಲ, ಕೈ ಇನ್ನೂ ತಯಾರಾಗಿಲ್ಲ ಅಷ್ಟೆ. ಮಣಿಕಟ್ಟಲ್ಲಿ 8 ಚಿಕ್ಕ ಮೂಳೆ ಇರುತ್ತೆ, ಹುಟ್ಟಿದಾಗ ಅವು ಇನ್ನೂ ಗಟ್ಟಿಯಾಗಿರಲ್ಲ, ಒಂದೊಂದಾಗಿ ವರ್ಷಗಟ್ಟಲೆ ಬಲಿತಾ ಬರುತ್ತೆ. ಅವಳು ಬರೆಯುವಾಗ ಹೆಬ್ಬೆರಳಿನ ಉಗುರು ನೋಡಿ, ಒತ್ತಿ ಒತ್ತಿ ಬೆಳ್ಳಗಾಗಿರುತ್ತಾ? ಭುಜ ಕಿವಿ ಹತ್ರ ಏರಿರುತ್ತಾ? ಹಾಗಿದ್ರೆ ಅವಳಿಗೆ ನಿಜವಾಗ್ಲೂ ಕೈ ನೋಯ್ತಿದೆ.

ಬರವಣಿಗೆ ಶುರುವಾಗೋದು ಪುಸ್ತಕದಿಂದ ಅಲ್ಲ, ಭುಜದಿಂದ. ಜೋತಾಡ್ಲಿ, ಹತ್ಲಿ, ನೀರಿನ ಬಕೆಟ್ ಎಳೀಲಿ, ಗೋಡೆಗೆ ದೊಡ್ಡ ಹಾಳೆ ಅಂಟಿಸಿ ನಿಂತ್ಕೊಂಡು ತೋಳು ಬೀಸಿ ಗೀಚ್ಲಿ. ಆಮೇಲೆ ಬೆರಳು: ಜೇಡಿಮಣ್ಣು ನಾದೋದು, ಬಟ್ಟೆ ಕ್ಲಿಪ್ ಹಾಕಿ ತೆಗೆಯೋದು, ಕತ್ತರೀಲಿ ಪೇಪರ್ ಕತ್ತರಿಸೋದು, ಅಂಗಿ ಗುಂಡಿ ತಾನೇ ಹಾಕ್ಕೊಳ್ಳೋದು (ಲೇಟಾಗುತ್ತೆ, ಆದ್ರೂ ಬಿಡಿ). ಇನ್ನೊಂದು, ಉದ್ದದ ಕ್ರೆಯಾನ್ ಕೊಡಬೇಡಿ, ಮುರಿದು ಒಂದು ಇಂಚಿನ ತುಂಡು ಮಾಡಿ ಕೊಡಿ. ಅಷ್ಟು ಚಿಕ್ಕದನ್ನ ಮುಷ್ಟೀಲಿ ಹಿಡಿಯೋಕೆ ಆಗಲ್ಲ, ಬೆರಳ ತುದೀಲೇ ಹಿಡೀಬೇಕು, ನೀವು ಹೀಗೆ ಹಿಡಿ ಹಾಗೆ ಹಿಡಿ ಅಂತ ಹೇಳೋದೇ ಬೇಡ.

ಅಕ್ಷರ ಬೇಡ ಅಂತಲ್ಲ. 1907ರಲ್ಲಿ ರೋಮ್‌ನಲ್ಲಿ ಮಕ್ಕಳ ಮನೆ ಶುರು ಮಾಡಿದ ಡಾಕ್ಟರ್ ಮರಿಯಾ ಮಾಂಟೆಸ್ಸೊರಿ, ಮಕ್ಕಳು ಬೆರಳಾಡಿಸಿ ಕಲೀಲಿ ಅಂತ ಉಪ್ಪುಕಾಗದದಲ್ಲಿ ಅಕ್ಷರ ಮಾಡಿಸಿದ್ರು. ನೀವು ತಟ್ಟೇಲಿ ಮರಳು ಹರಡಿ, ತೋರುಬೆರಳಲ್ಲಿ ಬರೀಲಿ, ಬಾಯಲ್ಲಿ ಆ ಸದ್ದು ಹೇಳ್ಲಿ, ತಪ್ಪಾದ್ರೆ ತಟ್ಟೆ ಅಲ್ಲಾಡಿಸಿದ್ರೆ ಮಾಯ. 3 ಉಲ್ಟಾ ಬರೆಯೋದಕ್ಕೆ ತಲೆ ಕೆಡಿಸ್ಕೋಬೇಡಿ, ಏಳು ವರ್ಷದವರೆಗೂ ಎಷ್ಟೋ ಮಕ್ಕಳು ಹಾಗೇ ಬರೀತಾರೆ.

ಮಿಸ್ ಹತ್ರ ಡೈರೀಲಿ ಜಗಳ ಬೇಡ, ಹೋಗಿ ಕೂತು ಮಾತಾಡಿ. ಮನೇಲಿ ಏನೇನ್ ಮಾಡಿಸ್ತಿದೀವಿ ಅಂತ ಹೇಳಿ, ಸ್ವಲ್ಪ ದಿನ ಎರಡು ಸಾಲಿನ ಬದಲು ಎರಡೇ ಅಕ್ಷರ ಸಾಕಾ ಕೇಳಿ. ಮಗು ಮನೇಲಿ ಹೇಗಿರುತ್ತೆ ಅಂತ ಅವರಿಗೂ ಗೊತ್ತಿರಲ್ಲ, ಹೇಳಿದ್ರೆ ತುಂಬಾ ಜನ ಒಪ್ತಾರೆ. ಹಾಂ, ಐದು ದಾಟಿದ್ಮೇಲೂ ಚಮಚ ಹಿಡಿಯೋಕೆ ಕಷ್ಟ, ಪದೇ ಪದೇ ಎಡವಿ ಬೀಳ್ತಾಳೆ, ಪುಸ್ತಕ ಕಣ್ಣಿಗೇ ಹಿಡ್ಕೊಂಡು ನೋಡ್ತಾಳೆ ಅಂದ್ರೆ ಮಾತ್ರ ಕಾಯಬೇಡಿ, ಮಕ್ಕಳ ಡಾಕ್ಟರಿಗೆ ತೋರ್ಸಿ, ಕಣ್ಣೂ ಚೆಕ್ ಮಾಡ್ಸಿ.

ಕಥೆ ಚೆನ್ನಾಗಿ ಹೇಳ್ತಾಳೆ ಅಂದ್ರಲ್ಲ, ಇವತ್ತು ರಾತ್ರಿ ಅವಳು ಹೇಳ್ಲಿ ನೀವು ಬರ್ಕೊಳಿ, ಅವಳ ಮಾತು ಹೇಗಿದ್ಯೋ ಹಾಗೇ, ತಿದ್ದಬೇಡಿ. ಬರೆದಿದ್ದನ್ನ ಬೆರಳಿಟ್ಟು ಓದಿ ತೋರ್ಸಿ. ಕೆಳಗೆ ಅವಳ ಹೆಸರಿಗೆ ಸ್ವಲ್ಪ ಜಾಗ ಬಿಡಿ, ಅಲ್ಲಿ ಅವಳು ಒಂದು ಗೆರೆ ಎಳೆದ್ರೂ ಸರಿ.