ಅಳಿಸಿದ ಸ್ಮರಣ ಸಂಚಿಕೆಯನ್ನು ಮರಳಿ ಪಡೆಯಬಹುದು

ಡೊಂಬಿವಲಿಯ ನಿಮ್ಮ ಸಂಘದ 1968ರ ಸ್ಮರಣ ಸಂಚಿಕೆಯನ್ನು ಯಾರು ಬೇಕಾದರೂ ಬಳಸಬಹುದಾದ ಕಡತಗಳನ್ನಿಡುವ ಆನ್‌ಲೈನ್ ಭಂಡಾರ ವಿಕಿಮೀಡಿಯ ಕಾಮನ್ಸ್‌ನಿಂದ ಅಳಿಸಿದ್ದಕ್ಕೆ ಕಾರಣ ಬಹುಶಃ ಹಕ್ಕುಸ್ವಾಮ್ಯ. ಅಧ್ಯಕ್ಷರು ಬಾಯಿಮಾತಿನಲ್ಲಿ ಒಪ್ಪಿದರೆ ಸಾಲದು. ಸಾಮಾನ್ಯವಾಗಿ ಪ್ರತಿ ಲೇಖನದ ಹಕ್ಕು ಬರೆದವರದು, ಅವರು ತೀರಿಕೊಂಡ ಮೇಲೂ 60 ವರ್ಷ ವಾರಸುದಾರರದು. ಅಳಿಸುವಾಗ ಹಾಕಿದ ಟಿಪ್ಪಣಿಯನ್ನು ನಾನು ನೋಡಿಲ್ಲ. ಮೊದಲು ಅದನ್ನು ಓದಿ ಖಚಿತಪಡಿಸಿಕೊಳ್ಳಿ.

ಆಮೇಲೆ ಲೇಖಕರನ್ನೋ ಅವರ ಮನೆಯವರನ್ನೋ ಹುಡುಕಲು ಪರಿವಿಡಿ ಮುಂದಿಟ್ಟುಕೊಂಡು ಹಳೆಯ ಸದಸ್ಯರೊಡನೆ ಕುಳಿತುಕೊಳ್ಳಿ. ಮಾಟುಂಗಾದ ಸಂಚಿಕೆಯೊಂದಕ್ಕೆ ನಾವು ಹೀಗೆ ಮಾಡಿದಾಗ ಹದಿನಾಲ್ಕು ಲೇಖಕರಲ್ಲಿ ಒಂಬತ್ತು ಮಂದಿಯ ಮನೆಯವರು ಸಿಕ್ಕರು. ಮುಲುಂಡಿನ ಅಜ್ಜಿಯೊಬ್ಬರು ಸಹಿ ಹಾಕಿದ್ದಲ್ಲದೆ, ಗಂಡನ ಹಸ್ತಪ್ರತಿಯನ್ನು ಟ್ರಂಕಿನಿಂದ ತೆಗೆದು, ಸೀರೆಯ ಸೆರಗಿನಿಂದ ಒರೆಸಿ ನಮ್ಮ ಕೈಗಿತ್ತರು.

ಒಪ್ಪಿಗೆ ಪತ್ರದಲ್ಲಿ ‘ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ 4.0’ ಎಂದು ಪರವಾನಗಿಯ ಹೆಸರು ಸ್ಪಷ್ಟವಾಗಿರಲಿ; ಲೇಖಕರ ಹೆಸರು ಹೇಳಿ, ಅದೇ ಷರತ್ತಿನಲ್ಲಿ ಯಾರು ಬೇಕಾದರೂ ಬಳಸಬಹುದು ಎಂದು ಇದರರ್ಥ. ‘ವಿಕಿಪೀಡಿಯಕ್ಕೆ ಮಾತ್ರ’, ‘ವಾಣಿಜ್ಯೇತರ ಬಳಕೆಗೆ ಮಾತ್ರ’ ಎಂದು ಬರೆದರೆ ಒಪ್ಪುವುದಿಲ್ಲ. ನಾಳೆ ಯಾರಾದರೂ ಮಾರಾಟದ ಪುಸ್ತಕದಲ್ಲೂ ಇದನ್ನು ಬಳಸಬಹುದು ಎಂಬುದನ್ನು ಮನೆಯವರಿಗೆ ಮೊದಲೇ ಬಿಡಿಸಿ ಹೇಳಿ. ಹಿರಿಯರಿಂದ ಅರ್ಥವಾಗದ ಕಾಗದಕ್ಕೆ ಸಹಿ ಪಡೆಯುವುದು ತಪ್ಪು. ಪತ್ರವು ಹಕ್ಕುದಾರರ ಸ್ವಂತ ಇಮೇಲ್‌ನಿಂದಲೇ ಕಾಮನ್ಸ್‌ನ ಅನುಮತಿ ತಂಡಕ್ಕೆ ಹೋಗಲಿ.

ಅದೇ ಕಡತವನ್ನು ಮತ್ತೆ ಏರಿಸಬೇಡಿ. ಅಳಿಸಿದ ಪ್ರತಿ ಸರ್ವರ್‌ನಲ್ಲಿಯೇ ಇರುತ್ತದೆ, ಅನುಮತಿ ಸರಿಯಾಗಿದ್ದರೆ ಕಾಮನ್ಸ್‌ನವರೇ ಮರಳಿಸುತ್ತಾರೆ. ಎಲ್ಲ ಲೇಖಕರ ಒಪ್ಪಿಗೆ ಸಿಗದಿದ್ದರೆ, ಸಿಕ್ಕಷ್ಟು ಲೇಖನಗಳ ಪುಟಗಳನ್ನು ಮಾತ್ರ ಬೇರೆ ಪಿಡಿಎಫ್ ಮಾಡಿ ಏರಿಸಿ. ಛಾಯಾಚಿತ್ರ, ಜಾಹೀರಾತುಗಳನ್ನು ಸದ್ಯಕ್ಕೆ ಬಿಡಿ.